ಫಾರ್ ಲೂಪ್ ಒಳಗೆ ಗ್ರಾಫ್ ಸೇವ್ ಆಗುತ್ತಿಲ್ಲ, ಎರರೂ ಇಲ್ಲ. ಏನು ಮಾಡಲಿ?

ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಹೀಗೆ. ಉತ್ತರ ಕನ್ನಡದ 12 ತಾಲೂಕುಗಳ ತಿಂಗಳವಾರು ಮಳೆ ಲೆಕ್ಕ ಇದೆ. ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಗ್ರಾಫ್ ಬರೆಯುವ ಜಿಜಿಪ್ಲಾಟ್ (ggplot2) ಪ್ಯಾಕೇಜ್ ಬಳಸಿ ತಾಲೂಕಿಗೊಂದು ಪಿಎನ್‌ಜಿ ಚಿತ್ರ ಬೇಕು. ಶಿರಸಿ ಒಂದನ್ನೇ ಓಡಿಸಿದರೆ ಚಿತ್ರ ಬರುತ್ತದೆ. ಅದೇ ಸಾಲುಗಳನ್ನು ಪ್ರತಿ ತಾಲೂಕಿಗೂ ಮತ್ತೆ ಮತ್ತೆ ಓಡಿಸುವ ಫಾರ್ ಲೂಪಿಗೆ ಹಾಕಿದರೆ ಫೋಲ್ಡರ್ ಖಾಲಿ.

ನಿಮ್ಮ ಕೋಡಿನಲ್ಲಿ ಒಂದು ಪ್ರಿಂಟ್ (print) ಆಜ್ಞೆ ಬಿಟ್ಟುಹೋಗಿದೆ, ಅಷ್ಟೇ. ಜಿಜಿಪ್ಲಾಟ್ ತಾನಾಗಿ ಚಿತ್ರ ಬರೆಯುವುದಿಲ್ಲ. ಏನು ಬರೆಯಬೇಕು ಎಂಬ ವಿವರವನ್ನು ಒಂದು ಆಬ್ಜೆಕ್ಟ್ ಆಗಿ ಕಟ್ಟಿ ಕೊಡುತ್ತದೆ. ಕನ್ಸೋಲಿನಲ್ಲಿ, ಅಂದರೆ ಆಜ್ಞೆ ಬರೆಯುವ ಕಿಟಕಿಯಲ್ಲಿ, ನೇರವಾಗಿ ಓಡಿಸಿದಾಗ ಆರ್ ತಾನೇ ಅದನ್ನು ಪ್ರಿಂಟ್ ಮಾಡುತ್ತದೆ. ಲೂಪ್ ಅಥವಾ ಫಂಕ್ಷನ್ ಒಳಗೆ ಹಾಗೆ ಮಾಡುವುದಿಲ್ಲ. ಆಬ್ಜೆಕ್ಟ್ ತಯಾರಾಗುತ್ತದೆ, ಯಾರೂ ಕೇಳದ ಕಾರಣ ಸುಮ್ನೆ ಉಳಿಯುತ್ತದೆ. ಎರರ್ ಬಾರದಿರುವುದೂ ಅದಕ್ಕೇ. ಗ್ರಾಫ್ ಬರೆಯುವ ಇನ್ನೊಂದು ಪ್ಯಾಕೇಜ್ ಲ್ಯಾಟಿಸಿನದೂ ಇದೇ ಕಥೆ. ಆರ್‌ನ ಮೂಲ ಪ್ಲಾಟ್ ಫಂಕ್ಷನ್ ಮಾತ್ರ ಕರೆದ ತಕ್ಷಣ ಬರೆಯುತ್ತದೆ, ಹಾಗಾಗಿ ಅದು ಲೂಪಿನಲ್ಲೂ ನಡೆಯುತ್ತದೆ.

ಲೂಪಿನ ಪ್ರತಿ ಸುತ್ತಿನಲ್ಲೂ ಮೊದಲು ಪಿಎನ್‌ಜಿ ಫೈಲ್ ತೆರೆಯಿರಿ, ಆಮೇಲೆ ಆಬ್ಜೆಕ್ಟನ್ನು ಪ್ರಿಂಟ್ ಮಾಡಿ, ಕೊನೆಗೆ ಡೆವ್ ಡಾಟ್ ಆಫ್ (dev.off) ಕೊಟ್ಟು ಮುಚ್ಚಿ. ಮುಚ್ಚದಿದ್ದರೆ ಫೈಲುಗಳು ತೆರೆದೇ ಉಳಿಯುತ್ತವೆ. ಅಂಥವು 63 ಆದ ಮೇಲೆ ಆರ್ ಹೊಸದನ್ನು ತೆರೆಯುವುದಿಲ್ಲ. ಲೂಪ್ ನಡುವೆ ನಿಂತುಹೋದರೆ ಗ್ರಾಫಿಕ್ಸ್ ಡಾಟ್ ಆಫ್ (graphics.off) ಕೊಡಿ, ತೆರೆದವೆಲ್ಲ ಒಟ್ಟಿಗೆ ಮುಚ್ಚುತ್ತವೆ.

ನಾನು ಮಾತ್ರ ಜಿಜಿಪ್ಲಾಟಿನದೇ ಜಿಜಿಸೇವ್ (ggsave) ಫಂಕ್ಷನ್ ಬಳಸುತ್ತೇನೆ. ತೆರೆಯುವುದು, ಪ್ರಿಂಟ್, ಮುಚ್ಚುವುದು ಮೂರನ್ನೂ ಅದೇ ನೋಡಿಕೊಳ್ಳುತ್ತದೆ. ಆದರೆ ಯಾವ ಆಬ್ಜೆಕ್ಟ್ ಎಂದು ಹೆಸರು ಹೇಳಿಯೇ ಕೊಡಿ. ಹೇಳದಿದ್ದರೆ ಕೊನೆಯ ಚಿತ್ರ ಯಾವುದೋ ಅದನ್ನೇ ಹಿಡಿಯುತ್ತದೆ. ಅಗಲ 8 ಇಂಚು, ಎತ್ತರ 5 ಇಂಚು, ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) 300 ಕೊಟ್ಟರೆ 2400 × 1500 ಪಿಕ್ಸೆಲ್ ಬರುತ್ತದೆ, ವರದಿಗೆ ಧಾರಾಳ ಸಾಕು. ಪಿಎನ್‌ಜಿ ಫಂಕ್ಷನ್ ನೀವು ಅಳತೆ ಹೇಳದಿದ್ದರೆ ಕೊಡುವುದು 480 × 480 ಪಿಕ್ಸೆಲ್ ಮಾತ್ರ. ಫೈಲಿನ ಹೆಸರಲ್ಲಿ ತಾಲೂಕಿನ ಹೆಸರು ಸೇರಲೇಬೇಕು. ಇಲ್ಲದಿದ್ದರೆ ಒಂದರ ಮೇಲೊಂದು ಬರೆದು ಕೊನೆಯದೊಂದೇ ಉಳಿಯುತ್ತದೆ.

ನೀವು ಕೇಳದ ಒಂದು ಮಾತು ಹೇಳಲೇಬೇಕು. ಲೂಪಿನಲ್ಲಿ ಬರೆದ ಪ್ರತಿ ಗ್ರಾಫೂ ಮಳೆ ತೋರಿಸುವ ಲಂಬ ಅಕ್ಷಕ್ಕೆ ತನ್ನದೇ ಅಳತೆ (ಸ್ಕೇಲ್) ಹಿಡಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಮೋಸ. ಭಟ್ಕಳ, ಹೊನ್ನಾವರದ ಕಡೆ ಸುರಿಯುವ ಮಳೆಗೂ ಘಟ್ಟ ದಾಟಿ ಮುಂಡಗೋಡ, ಹಳಿಯಾಳದ ಕಡೆ ಬೀಳುವ ಮಳೆಗೂ ಎಷ್ಟು ವ್ಯತ್ಯಾಸ, ನಿಮಗೇ ಗೊತ್ತು ಅಲ್ವಾ? ಅಳತೆ ಬೇರೆಬೇರೆ ಆದರೆ ಮುಂಡಗೋಡದ ಜುಲೈ ಕಂಬವೂ ಭಟ್ಕಳದ ಜುಲೈ ಕಂಬವೂ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಪಕ್ಕಪಕ್ಕ ಇಟ್ಟು ನೋಡುವವರು ಎರಡೂ ಕಡೆ ಒಂದೇ ಮಳೆ ಅಂದುಕೊಳ್ಳುತ್ತಾರೆ. ಅದಕ್ಕೆ ಲೂಪ್ ಶುರುವಾಗುವ ಮೊದಲೇ ಎಲ್ಲ ತಾಲೂಕು ಸೇರಿ ಅತಿ ಜಾಸ್ತಿ ಮಳೆಯ ತಿಂಗಳಲ್ಲಿ ಬಿದ್ದ ಮಳೆ ಎಷ್ಟು ಎಂದು ತೆಗೆದಿಟ್ಟುಕೊಳ್ಳಿ. ಸೊನ್ನೆಯಿಂದ ಆ ಸಂಖ್ಯೆಯವರೆಗಿನ ಮಿತಿಯನ್ನು ಅಕ್ಷದ ಮಿತಿ ಹೇಳುವ ಕೋಆರ್ಡ್ ಕಾರ್ಟೀಸಿಯನ್ (coord_cartesian) ಮೂಲಕ ಪ್ರತಿ ಚಿತ್ರಕ್ಕೂ ಕೊಡಿ.

ತಾಲೂಕಿನ ಹೆಸರು ಕನ್ನಡದಲ್ಲೇ ಹಾಕಿ, ಅಕ್ಷರದ ಬದಲು ಚೌಕ ಬಂದರೆ ಅಥವಾ ಒತ್ತಕ್ಷರ ಒಡೆದರೆ ರ‍್ಯಾಗ್ (ragg) ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಅದು ಇದ್ದರೆ ಈಗಿನ ಜಿಜಿಸೇವ್ ತಾನೇ ಬಳಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಇರಬೇಕು.

12 ಬೇರೆ ಫೈಲ್ ಬೇಕೇಬೇಕು ಅಂತಿಲ್ಲದಿದ್ದರೆ ಲೂಪೇ ಬೇಡ. ಫಾಸೆಟ್ ರ‍್ಯಾಪ್ (facet_wrap) ಎಂಬ ಜಿಜಿಪ್ಲಾಟ್ ಫಂಕ್ಷನ್ ಒಂದೇ ಹಾಳೆಯಲ್ಲಿ ಎಲ್ಲ ತಾಲೂಕುಗಳನ್ನೂ ಜೋಡಿಸುತ್ತದೆ, ಅಳತೆಯನ್ನೂ ತಾನಾಗಿ ಒಂದೇ ಇಡುತ್ತದೆ.