ಸುಟ್ಟ ಮನೆಗೆ ಹೊಸ ಇಟ್ಟಿಗೆ ಯಾಕೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಆಸ್ಟ್‌ಲಿ ಕ್ಯಾಸಲ್ ಚಿತ್ರ ನೋಡಿದೆ. ಪಾಳು ಕಲ್ಲುಗೋಡೆಗೆ ಹೊಸ ಇಟ್ಟಿಗೆ! ರೇಷ್ಮೆ ಸೀರೆಗೆ ಗೋಣಿ ತೇಪೆ ಹಾಕಿದ ಹಾಗಿದೆ. ಇದಕ್ಕೆ ಪ್ರಶಸ್ತಿ ಬೇರೆ. ಮೊದಲಿದ್ದ ಹಾಗೇ ಕಟ್ಟಬಹುದಿತ್ತಲ್ವಾ?

ಸಂಪಾದಕರ ಉತ್ತರ: ತೇಪೆ ಅಂದದ್ದು ಸರಿಯಾಗಿದೆ ಸಾರ್. ಅದು ಕಾಣಲಿ ಅಂತಲೇ ಹಾಕಿದ್ದು.

ಮೊದಲಿದ್ದ ಹಾಗೆ ಅಂದರೆ ಯಾವಾಗ ಇದ್ದ ಹಾಗೆ? ವಾರಿಕ್‌ಶೈರ್‌ನ ಈ ಮನೆಗೆ ಕೋಟೆಗೋಡೆ ಕಟ್ಟಿಕೊಳ್ಳಲು ಅರಸನ ಅಪ್ಪಣೆ ಸಿಕ್ಕಿದ್ದು 1266ರಲ್ಲಿ. ಆಮೇಲೆ ಅದು ಗ್ರೇ ಮನೆತನದ ಕೈಗೆ ಬಂತು. ಒಂಬತ್ತು ದಿನ ರಾಣಿಯಾಗಿ, 1554ರಲ್ಲಿ ತಲೆ ಕಳೆದುಕೊಂಡ ಜೇನ್ ಗ್ರೇ ಇದೇ ಮನೆತನದ ಹುಡುಗಿ. ಬಂದವರೆಲ್ಲ ಒಂದಿಷ್ಟು ಕಟ್ಟಿದರು, ಒಂದಿಷ್ಟು ಕೆಡವಿದರು. ಕೊನೆಗೆ ಅದು ಹೋಟೆಲ್ ಆಗಿತ್ತು. 1978ರಲ್ಲಿ ಬೆಂಕಿ ಬಿತ್ತು. ಚಾವಣಿ, ಮಹಡಿ ಎಲ್ಲ ಹೋಯಿತು. ಮುಂದಿನ ಮೂವತ್ತು ವರ್ಷ ಬರೀ ಗೋಡೆಗಳು ಮಳೆಯಲ್ಲಿ ನೆನೆದವು.

ಹಳೆಯದನ್ನೇ ಮತ್ತೆ ಕಟ್ಟಿದ ಉದಾಹರಣೆಯೂ ಉಂಟು. ಸಸೆಕ್ಸ್‌ನ ಅಪ್‌ಪಾರ್ಕ್ ಎಂಬ ಹಳೆಯ ದೊಡ್ಡ ಬಂಗಲೆ 1989ರಲ್ಲಿ ಸುಟ್ಟಿತು. ರಿಪೇರಿಗೆ ಬಂದವರು ಚಾವಣಿಯ ಸೀಸಕ್ಕೆ ಬೆಸುಗೆ ಹಾಕುವಾಗ ಹತ್ತಿದ ಬೆಂಕಿ! ಆದರೆ ಚಿತ್ರ, ಪೀಠೋಪಕರಣಗಳನ್ನು ಜನ ಹೊರಗೆ ಹೊತ್ತು ತಂದಿದ್ದರು. ಬೂದಿಯನ್ನು ಜರಡಿ ಹಿಡಿದು ಚೂರುಗಳನ್ನು ಹೆಕ್ಕಿದರು. ಮನೆ ಹೇಗಿತ್ತು ಅಂತ ಗೊತ್ತಿತ್ತು, ವಿಮೆ ಹಣವೂ ಇತ್ತು. 1995ಕ್ಕೆ ಬಾಗಿಲು ತೆರೆಯಿತು. ಅಲ್ಲಿ ಅದೇ ಸರಿ. ಆಸ್ಟ್‌ಲಿಯಲ್ಲಿ ಹಾಗೆ ಮಾಡಿದ್ದರೆ ಸುಮ್ನೆ ಊಹೆಯ ಮೇಲೆ ನಾಟಕದ ಸೆಟ್ ಎದ್ದಿರುತ್ತಿತ್ತು.

ಹಳೆಯ ಕಟ್ಟಡಗಳನ್ನು ಉಳಿಸುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಹೊಸ ದಾರಿ ಹುಡುಕಿತು. ವಿದರ್‌ಫರ್ಡ್ ವಾಟ್ಸನ್ ಮ್ಯಾನ್ ಎಂಬ ವಾಸ್ತುಶಿಲ್ಪಿಗಳು ಪಾಳಿನೊಳಗೇ ಮನೆ ಕೂರಿಸಿದರು. ನಿಮಗೆ ಹಿಡಿಸದ ಆ ಇಟ್ಟಿಗೆ ಅಲಂಕಾರಕ್ಕೆ ಇಟ್ಟದ್ದಲ್ಲ. ಗೋಡೆ ಒಡೆದ ಕಡೆ ಅಂಚು ಗರಗಸದ ಹಲ್ಲಿನಂತಿತ್ತು. ತೆಳು ಇಟ್ಟಿಗೆಯಾದ್ದರಿಂದ ವರಸೆ ವರಸೆಯಾಗಿ ಆ ಏರುತಗ್ಗಿಗೆ ಹೊಂದಿಕೊಳ್ಳುತ್ತದೆ. ದೊಡ್ಡ ಬಿರುಕುಗಳ ಮೇಲೆ ಕಾಂಕ್ರೀಟ್ ತೊಲೆ. ಹೀಗೆ ಹೊಸ ಗೋಡೆ ಹಳೆಯದನ್ನು ಬೀಳದಂತೆ ಹಿಡಿದಿದೆ. ಅದನ್ನು ಕಲ್ಲಿನಂತೆ ಬಣ್ಣ ಬಳಿದು ಮುಚ್ಚಿದ್ದರೆ ನನಗೆ ಸಿಟ್ಟು ಬರುತ್ತಿತ್ತು.

ಮಲಗುವ ಕೋಣೆಗಳು ಕೆಳಗೆ, ಕೂರುವ ಜಾಗ, ಅಡುಗೆ, ಊಟ ಮೇಲೆ. ಹೊರನೋಟ, ಬೆಳಕು ಮೇಲೇ ಜಾಸ್ತಿ, ಅದಕ್ಕೆ. ಇಡೀ ಪಾಳನ್ನು ಮುಚ್ಚಲೂ ಹೋಗಲಿಲ್ಲ. ನಂತರದ ಕಾಲದ ಭಾಗಗಳನ್ನು ಸೂರಿಲ್ಲದ ಅಂಗಳವಾಗಿ ಬಿಟ್ಟರು. ನನಗೆ ಜಾಸ್ತಿ ಇಷ್ಟವಾದದ್ದು ಅದೇ. ಬ್ರಿಟನ್ನಿನ ದೊಡ್ಡ ವಾಸ್ತುಶಿಲ್ಪ ಪ್ರಶಸ್ತಿಯಾದ ಸ್ಟರ್ಲಿಂಗ್ 2013ರಲ್ಲಿ ಬಂದಾಗ, ಅದನ್ನು ಗೆದ್ದ ಮೊದಲ ವಾಸದ ಮನೆ ಇದಾಯಿತು.

ಈಗ ಅಲ್ಲಿ ಎಂಟು ಜನ ರಜೆಗೆ ಬಾಡಿಗೆ ಕೊಟ್ಟು ಉಳಿಯಬಹುದು. ಆ ಬಾಡಿಗೆಯೇ ಕಟ್ಟಡದ ನಿರ್ವಹಣೆಗೂ ಆಗುತ್ತದೆ. ನಿಮ್ಮ ಮಕ್ಕಳೋ ನೆಂಟರೋ ಆ ಕಡೆ ಇದ್ದರೆ ಒಮ್ಮೆ ಕಳಿಸಿ. ತೇಪೆಯನ್ನು ಕೈಯಿಂದ ಮುಟ್ಟಿ ನೋಡಿ ಅವರೇನು ಹೇಳಿದರು ಅಂತ ಮರೆಯದೆ ಬರೆಯಿರಿ.