ಹೆಜ್ಜೆಗೊಂದು ಗುಂಡಿ: ಕಾಸಲ್‌ಮೇನ್ ಕಾಡಿನ ಚಿನ್ನದ ಕತೆ

ಪ್ರಶ್ನೆ: ಕೆಜಿಎಫ್‌ನಲ್ಲಿ ಬೆಳೆದು ಈಗ ಮೆಲ್ಬರ್ನ್‌ನಲ್ಲಿ ನೆಲೆಸಿರುವ ನಾನು, ರಜಾದಿನಗಳಲ್ಲಿ ಇದೇ ವಿಕ್ಟೋರಿಯಾ ರಾಜ್ಯದ ಕಾಸಲ್‌ಮೇನ್ ಊರಿನ ಸುತ್ತಲಿನ ಕುರುಚಲು ಕಾಡಿನಲ್ಲಿ ತಿರುಗಾಡುತ್ತೇನೆ. ಅಲ್ಲಿ ಹೆಜ್ಜೆಗೊಂದು ಗುಂಡಿ, ಮಣ್ಣಿನ ದಿಬ್ಬ. ಇವು ಚಿನ್ನ ತೋಡಿದ ಗುರುತುಗಳೆಂದು ಗೊತ್ತು, ಆದರೆ ಯಾವುದು ಯಾವ ಕಾಲದ್ದೆಂದು ತಿಳಿಯುವುದು ಹೇಗೆ? ಒಳಗಿಳಿದು ನೋಡಬಹುದೇ?
— ಓದುಗರೊಬ್ಬರು, ಮೆಲ್ಬರ್ನ್

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಖಂಡಿತ ಇಳಿಯಬೇಡಿ. ಹಳೆಯ ಗಣಿಬಾವಿಗಳ ಬಾಯಿಯನ್ನು ಎಷ್ಟೋ ಕಡೆ ಒಣಗಿದ ಎಲೆ, ಕಡ್ಡಿ ಮುಚ್ಚಿರುತ್ತವೆ. ಅಂಚಿನ ಮಣ್ಣು ಸಡಿಲವಾಗಿರುತ್ತದೆ. ತಳದ ಗಾಳಿ ಉಸಿರಾಟಕ್ಕೆ ಯೋಗ್ಯವಾಗಿರುತ್ತದೆಂಬ ಭರವಸೆಯಿಲ್ಲ. ಅಲ್ಲದೆ, ನೀವು ಹುಡುಕುತ್ತಿರುವ ಇತಿಹಾಸದ ಬಹುಪಾಲು ನೆಲದ ಮೇಲೆಯೇ ಇದೆ. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯ ಊರಿನವರು ಗಣಿ ಎಂದೊಡನೆ ಆಳವನ್ನೇ ನೆನೆಯುವುದು ಸಹಜ. ಕಾಸಲ್‌ಮೇನ್‌ನಲ್ಲಿ ಅದೇ ಕಣ್ಣಿನಿಂದ ನೋಡಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ.

ಇಲ್ಲಿ 1851ರಲ್ಲಿ ಚಿನ್ನ ಸಿಕ್ಕಿದ್ದು ಹಳ್ಳಕೊಳ್ಳಗಳ ಮೆಕ್ಕಲು ಮಣ್ಣಿನಲ್ಲಿ, ಕೆಲವು ಅಡಿಗಳ ಆಳದಲ್ಲಿ. ತಿಂಗಳಿಗೆ 30 ಷಿಲ್ಲಿಂಗ್ ಕೊಟ್ಟು ಪರವಾನಗಿ ಪಡೆದವನಿಗೆ ದೊರೆಯುತ್ತಿದ್ದುದು ಎಂಟಡಿ ಚೌಕದ ನೆಲ ಮಾತ್ರ. ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುವುದು ಅದಕ್ಕಾಗಿಯೇ. ಆ ವರ್ಷದ ಕೊನೆಗೆ ಶುಲ್ಕವನ್ನು ಇಮ್ಮಡಿ ಮಾಡಲು ಸರಕಾರ ಹೊರಟಾಗ, ಡಿಸೆಂಬರ್ 15ರಂದು ಸಾವಿರಾರು ಗಣಿಗಾರರು ಪಕ್ಕದ ಚ್ಯೂಟನ್‌ನಲ್ಲಿ ಸಭೆ ಸೇರಿದರು. ಏರಿಕೆ ಜಾರಿಗೆ ಬರಲಿಲ್ಲ.

ಕಾಡಿನಲ್ಲಿ ಉಂಗುರದಂತಹ ತೋಡೊಂದು, ನಡುವೆ ಮಣ್ಣಿನ ದಿಣ್ಣೆ ಕಂಡರೆ ಅಲ್ಲಿ ಸ್ವಲ್ಪ ನಿಲ್ಲಿ. ಅದು 1850ರ ದಶಕದ ನಡುವಿನಿಂದ ಬಳಕೆಗೆ ಬಂದ ಪಡ್ಲಿಂಗ್ ಯಂತ್ರದ ಗುರುತು. ತೋಡಿಗೆ ಜೇಡಿಮಣ್ಣನ್ನೂ ನೀರನ್ನೂ ತುಂಬಿ, ನಡುವಿನ ಕಂಬಕ್ಕೆ ಜೋಡಿಸಿದ ತೊಲೆಗೆ ಕುದುರೆಯನ್ನು ಕಟ್ಟಿ, ನಮ್ಮ ಗಾಣದ ಎತ್ತಿನಂತೆ ಸುತ್ತಿಸುತ್ತಿದ್ದರು. ಮಣ್ಣು ಕದಡಿ ಕೆಸರಾಗಿ ಹರಿದುಹೋದ ಮೇಲೆ ಭಾರವಾದ ಚಿನ್ನ ತಳದಲ್ಲಿ ಉಳಿಯುತ್ತಿತ್ತು. ಬೆಣಚುಕಲ್ಲಿನ ಚೂರುಗಳ ರಾಶಿ, ಯಂತ್ರ ಕೂರಿಸಿದ್ದ ಕಲ್ಲುಕಟ್ಟಡ ಕಂಡರೆ ಅದು ಬಂಡೆಯೊಳಗಿನ ಚಿನ್ನವನ್ನು ಕಂಪನಿಗಳು ಅರಸಿದ ಮುಂದಿನ ಹಂತದ್ದೆಂದು ಊಹಿಸಬಹುದು. ಅದಿರು ಕುಟ್ಟುವ ಯಂತ್ರಕ್ಕಾಗಿ 1887ರಲ್ಲಿ ನಿಲ್ಲಿಸಿದ, ಇಪ್ಪತ್ತು ಮೀಟರಿಗೂ ಹೆಚ್ಚು ಎತ್ತರದ ಗಾರ್ಫೀಲ್ಡ್ ನೀರಿನ ಚಕ್ರದ ಕಲ್ಲಿನ ಆಧಾರಗಳು ಚ್ಯೂಟನ್ ಬಳಿ ಈಗಲೂ ಇವೆ.

ಈ ನೆಲದ ಮೂಲನಿವಾಸಿಗಳಾದ ಜಾ ಜಾ ವುರಂಗ್ ಜನ ಇದನ್ನು ‘ತಲೆಕೆಳಗಾದ ನಾಡು’ ಎನ್ನುತ್ತಾರೆ. ಮೇಲ್ಮಣ್ಣು ಕೊಚ್ಚಿಹೋಗಿ ಅಡಿಮಣ್ಣು ಮೇಲೆ ಬಂದಿರುವುದನ್ನು ಕಂಡವರಿಗೆ ಈ ಮಾತಿಗೆ ವಿವರಣೆ ಬೇಕಾಗುವುದಿಲ್ಲ.

ದಾಖಲೆಗಳಿಗಾಗಿ, ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳನ್ನು ಉಚಿತವಾಗಿ ಓದಬಹುದು. ಗಣಿಯ ಹೆಸರು ತಿಳಿಯದಿದ್ದರೆ ಹತ್ತಿರದ ಹಳ್ಳದ ಹೆಸರು ಹಾಕಿ, ಕಾಗುಣಿತ ಬದಲಿಸಿಯೂ ಹುಡುಕಿ. ಚೀನೀ ಗಣಿಗಾರರ ಸುದ್ದಿಯನ್ನು ಮಾತ್ರ ಎಚ್ಚರದಿಂದ ಓದಬೇಕು, ಏಕೆಂದರೆ ಅದನ್ನು ಬರೆದವರಲ್ಲಿ ಅನೇಕರಿಗೆ ಅವರನ್ನು ಕಂಡರಾಗುತ್ತಿರಲಿಲ್ಲ. 1855ರಲ್ಲಿ ವಿಕ್ಟೋರಿಯಾದ ಸರಕಾರ ಚೀನೀಯರ ಮೇಲೆ ಹತ್ತು ಪೌಂಡ್ ತಲೆಗಂದಾಯ ಹೇರಿದ್ದರಿಂದ, ಸಾವಿರಾರು ಮಂದಿ ದಕ್ಷಿಣ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿದು ನೂರಾರು ಕಿಲೋಮೀಟರ್ ನಡೆದು ಗಣಿ ಸೇರಿದರು.

ಹಳೆಯ ಸೀಸೆ, ಕಬ್ಬಿಣದ ತುಂಡು ಸಿಕ್ಕರೆ ಚಿತ್ರ ತೆಗೆದು ಅಲ್ಲೇ ಬಿಡಿ. ಅದಿರು ಕುಟ್ಟಿ ಉಳಿದ ನುಣುಪು ಮರಳಿನ ಮೇಲೆ ಮಕ್ಕಳನ್ನು ಆಡಲು ಬಿಡಬೇಡಿ. ಅದರಲ್ಲಿ ಆರ್ಸೆನಿಕ್ ಇರುವ ಸಾಧ್ಯತೆ ಹೆಚ್ಚು. ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಸುರಿದ ಮಣ್ಣಿನ ‘ಸೈನೈಡ್ ದಿಬ್ಬ’ಗಳ ದೂಳನ್ನು ಕಂಡು ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.