ಪ್ರತಿಕ್ರಿಯೆ: ಹುಟ್ಟಿದಾಗ ಮಗು ಅಳಲಿಲ್ಲ, ಆಸ್ಪತ್ರೆಯ ತಪ್ಪಾ?

ಹುಟ್ಟಿದ ಕೂಡಲೇ ಅಳಲಿಲ್ಲ, ಮೊದಲ ದಿನವೇ ಫಿಟ್ಸ್ ಬಂತು ಅಂದಿದ್ದೀರಿ. ಹೆಚ್ಚಾಗಿ ಇದು ಎಚ್‌ಐಇ, ಅಂದರೆ ಆಮ್ಲಜನಕ ಸಾಲದೆ ಮೆದುಳಿಗೆ ಆದ ಪೆಟ್ಟು. ಆದರೆ ಸೋಂಕಿನಿಂದಲೂ ಫಿಟ್ಸ್ ಬರುತ್ತೆ; ಎಂಆರ್‌ಐ ನೋಡದೆ ಖಚಿತವಾಗಿ ಹೇಳೋಕಾಗಲ್ಲ. ಎಚ್‌ಐಇ ಆದಲ್ಲೆಲ್ಲ ಡಾಕ್ಟರ ತಪ್ಪೇ ಇರುತ್ತೆ ಅಂತಲೂ ಇಲ್ಲ.

ಜಗಳಕ್ಕೆ ಮೊದಲು ದಾಖಲೆ. ಪೂರ್ತಿ ಕೇಸ್ ಶೀಟ್ (ಆಸ್ಪತ್ರೆಯಲ್ಲಿ ಬರೆದಿಟ್ಟ ಚಿಕಿತ್ಸೆಯ ಎಲ್ಲ ದಾಖಲೆ) ಬೇಕೆಂದು ಇವತ್ತೇ ಬರೆದುಕೊಡಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಸುಮ್ನೆ ಡಿಸ್ಚಾರ್ಜ್ ಸಮ್ಮರಿ ಕೊಟ್ಟು ಸಾಗಹಾಕಿದರೆ ಒಪ್ಪಬೇಡಿ. ಅದರಲ್ಲಿ ಸಿಟಿಜಿ ಪಟ್ಟಿ ಮುಖ್ಯ, ಅಂದರೆ ಹೆರಿಗೆಗೆ ಮೊದಲು ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ದಾಖಲಾದ ಕಾಗದ. ಬಡಿತ ಕುಸಿದದ್ದು ಎಷ್ಟು ಗಂಟೆಗೆ, ಸಿಸೇರಿಯನ್‌ಗೆ ಒಯ್ದದ್ದು ಎಷ್ಟು ಗಂಟೆಗೆ? ತಡವಾಯಿತಾ ಅನ್ನೋದು ಇದರಿಂದ ತಿಳಿಯುತ್ತೆ. ಸಿಟಿಜಿ ಕಾಗದ ಮಾಸಿಹೋಗುತ್ತೆ, ಫೋಟೋ ತೆಗೆದಿಡಿ.

ಈ ದಾಖಲೆಗಳನ್ನು ಬೇರೆ ಊರಿನ ನವಜಾತ ಶಿಶು ತಜ್ಞರಿಗೆ ತೋರಿಸಿ. ತಪ್ಪಿದೆ ಅಂತ ಬರೆದುಕೊಟ್ಟರೆ ವಕೀಲರ ಮೂಲಕ ಗ್ರಾಹಕ ಆಯೋಗಕ್ಕೆ ಹೋಗಿ. ಗಡುವು 2 ವರ್ಷ. ಮಗುವಿಗೆ ಫಿಸಿಯೋಥೆರಪಿಯನ್ನಂತೂ ಈಗಲೇ ಶುರುಮಾಡಿ.